ಅವಸ್ಥಾಂತರದ ಆರೈಕೆ

ಮೇಷ್ಟರು: ನೀನು ನನ್ನ ತರಗತಿಯಲ್ಲಿ ಕುಳಿತು ಪಾಠ ಕೇಳಿದವಳೆಂಬ ಸಲುಗೆಯಿಂದ ಕೇಳುತ್ತೇನೆ, ತಾಯಿ; ಅನ್ಯಥಾ ಭಾವಿಸಬೇಡ. ರೋಗವಿಲ್ಲದವನಿಗೆ ಎಂಥ ಚಿಕಿತ್ಸೆ? ಮೈಯಲ್ಲಿ ಜ್ವರವಿಲ್ಲ, ಬುದ್ಧಿಗೆ ಭ್ರಮೆಯಿಲ್ಲ; ನೆನ್ನೆಯವರೆಗೆ ಅಧಿಕಾರದಲ್ಲಿದ್ದವನು ಇಂದು ನಿವೃತ್ತನಾದ, ನೆನ್ನೆಯವರೆಗೆ ಒಬ್ಬರ ಮಡದಿಯಾಗಿದ್ದವಳು ಇಂದು ಒಂಟಿಯಾದಳು, ತವರಿನ ಮಗಳಾಗಿದ್ದವಳು ತಾನೇ ಒಂದು ಮಗುವಿನ ತಾಯಾದಳು. ಲೋಕ ಹುಟ್ಟಿದಂದಿನಿಂದ ನಡೆದುಬಂದಿರತಕ್ಕ ಸಂಗತಿಗಳಿವು. ಇಂಥವರು ನಿನ್ನ ಕೊಠಡಿಯ ಮುಂದೆ ಸರದಿಗಾಗಿ ಕಾದು ಕುಳಿತಿರುವುದನ್ನು ಕಂಡಾಗ, ನಮ್ಮ ಕಾಲದ ಜನ ಬದುಕುವುದನ್ನೇ ಒಂದು ವ್ಯಾಧಿಯೆಂದು ಎಣಿಸತೊಡಗಿದರೇನೋ ಎಂಬ ಶಂಕೆ ನನ್ನನ್ನು ಬಾಧಿಸುತ್ತದೆ.

ವೈದ್ಯೆ: ಆ ಶಂಕೆ ನನಗೂ ಉಂಟು, ಮೇಷ್ಟರೇ, ಅದು ಎಂದೂ ಸುಳಿಯದ ವೈದ್ಯರನ್ನು ಕಂಡರೆ ನನಗೆ ಭಯವೇ. ಆದರೆ ತಾವು ಹೇಳಿದ ಆ ನಿವೃತ್ತರಾಗಲಿ, ಆ ಒಂಟಿಯಾದಾಕೆಯಾಗಲಿ ತಮ್ಮ ಅವಸ್ಥೆ ಬದಲಾಯಿತೆಂಬ ದೂರನ್ನು ಹೊತ್ತು ಬರುವುದಿಲ್ಲ. ಒಬ್ಬರಿಗೆ ನಿದ್ರೆ ಹಾರಿಹೋಗಿದೆ. ಇನ್ನೊಬ್ಬರು ಎದೆಯಲ್ಲಿ ಸಂಕಟವೆಂದು ಹೃದಯದ ವೈದ್ಯರನ್ನೂ ಜಠರದ ವೈದ್ಯರನ್ನೂ ಸುತ್ತಿ, ಎಲ್ಲ ಪರೀಕ್ಷೆಗಳಲ್ಲಿಯೂ ಏನೂ ಇಲ್ಲವೆಂದು ಬಂದ ಮೇಲೆ, ಮನೆಯವರ ಬಲವಂತಕ್ಕೆ ನನ್ನಲ್ಲಿಗೆ ಬಂದಿರುತ್ತಾರೆ. ಅವಸ್ಥೆ ಬದಲಾದಾಗ ಮೈಯೂ ಅದಕ್ಕೆ ಕಂದಾಯ ತೆರುತ್ತದೆ. ಅಮೆರಿಕದ ಸಿಯಾಟಲ್ ನಗರದಲ್ಲಿ ಥಾಮಸ್ ಹೋಮ್ಸ್, ರಿಚರ್ಡ್ ರಾಹೆ ಎಂಬ ಇಬ್ಬರು ಮನೋವೈದ್ಯರು 1967ರಲ್ಲಿ ಬದುಕಿನ 43 ಘಟನೆಗಳನ್ನು ಪಟ್ಟಿಮಾಡಿ, ಒಂದೊಂದಕ್ಕೆ ಹೊಂದಿಕೊಳ್ಳಲು ಮನುಷ್ಯನು ಎಷ್ಟು ಶ್ರಮಪಡಬೇಕಾದೀತೆಂದು ಜನರನ್ನೇ ಕೇಳಿ ಅಂಕಗಳನ್ನು ಗೊತ್ತುಮಾಡಿದರು. ಪತಿಯ ಅಥವಾ ಪತ್ನಿಯ ಮರಣಕ್ಕೆ 100, ವಿಚ್ಛೇದನಕ್ಕೆ 73, ನಿವೃತ್ತಿಗೆ 45. ಇವು ಯಾರಾದರೂ ಊಹಿಸಬಹುದಾದವು. ಆದರೆ ಅದೇ ಪಟ್ಟಿಯಲ್ಲಿ ಮದುವೆಗೆ 50 ಅಂಕಗಳುಂಟು. ಒಬ್ಬನು ಅಸಾಧಾರಣವಾದುದೊಂದನ್ನು ಸಾಧಿಸಿದರೆ ಅದಕ್ಕೂ 28 ಅಂಕಗಳುಂಟು.

ಮೇಷ್ಟರು: ಸಂತೋಷವೂ ಸುಂಕ ಕೊಡದೆ ಒಳಕ್ಕೆ ಬಾರದೆಂದಾಯಿತು, ಅದು ಸತ್ಯವೇ. ಆದರೆ ಬದುಕಿನುದ್ದಕ್ಕೂ ಅಂಕಗಳನ್ನು ಹಾಕುತ್ತ ಬಂದ ನನಗೆ ಒಂದು ಮಾತು ಚೆನ್ನಾಗಿ ಗೊತ್ತು: ಒಂದೇ ಅಂಕವನ್ನು ಪಡೆದ ಇಬ್ಬರು ಹುಡುಗರು ಒಂದೇ ಬಗೆಯ ಹುಡುಗರಾಗಿರುವುದಿಲ್ಲ. ಮನೆಯಾಕೆ ತೀರಿಕೊಂಡ ಮೇಲೂ ನಾನು ಶಾಲೆಗೆ ಹೋಗುತ್ತಿದ್ದೆ. ಗಂಟೆ ಹೊಡೆಯುತ್ತಿತ್ತು, ಮಕ್ಕಳು ಎದ್ದು ನಿಲ್ಲುತ್ತಿದ್ದರು, ನಾನು ಯಾರೆಂಬುದನ್ನು ಆ ಎದ್ದುನಿಲ್ಲುವಿಕೆಯೇ ನನಗೆ ಹೇಳಿಕೊಡುತ್ತಿತ್ತು. ಅದು ನಿಂತಂದು ಮಾತ್ರ ಆಕೆಯ ಮರಣವೂ ನನಗೆ ಪೂರ್ಣವಾಗಿ ತಟ್ಟಿತು. ನಿನ್ನ ಆ ಇಬ್ಬರು ವೈದ್ಯರ ಪಟ್ಟಿಯಲ್ಲಿ ಇದನ್ನು ಯಾವ ಸಾಲಿಗೆ ಸೇರಿಸುತ್ತೀಯೆ?

ವೈದ್ಯೆ: ಯಾವ ಸಾಲಿಗೂ ಸೇರದು. ಆ ಪಟ್ಟಿಗೆ ಮುಂದೆ ಬಂದ ಆಕ್ಷೇಪಗಳಲ್ಲಿ ಮುಖ್ಯವಾದುದೂ ಇದೇ: ಘಟನೆಯ ಭಾರವು ಘಟನೆಯಲ್ಲಿ ಮಾತ್ರ ಇರುವುದಿಲ್ಲ, ಹೊರುವವನ ಉಳಿದ ಆಸರೆಗಳಲ್ಲಿಯೂ ಇರುತ್ತದೆ. ತಮಗೆ ಒಂದು ಆಸರೆ ಹೋದಾಗ ಇನ್ನೊಂದು ನಿಂತಿತ್ತು. ಎರಡನೆಯದನ್ನು ಸರ್ಕಾರವು ಒಂದು ತಿಂಗಳ ಕೊನೆಯ ದಿನ, ಒಂದು ಶಾಲು ಹೊದಿಸಿ, ಒಂದು ಹಾರ ಹಾಕಿ, ಒಂದು ತಟ್ಟೆ ಫಲತಾಂಬೂಲ ಕೊಟ್ಟು, ಒಂದು ಗಂಟೆಯ ಬೀಳ್ಕೊಡುಗೆಯಲ್ಲಿ ಮುಗಿಸಿತು. ಮೂವತ್ತು ವರ್ಷಗಳ ಬದುಕಿನಿಂದ ಹೊರಬರುವುದಕ್ಕೆ ಒಂದು ಗಂಟೆ ಸಾಕೆಂದು ನಮ್ಮ ಕಾಲ ನಂಬಿರುವುದೇ ನನಗೆ ವಿಚಿತ್ರವಾಗಿ ತೋರುತ್ತದೆ.

ಮೇಷ್ಟರು: ಅದನ್ನು ಹಿರಿಯರು ನಂಬಿರಲಿಲ್ಲ. ನೋಡು, ನಮ್ಮಲ್ಲಿ ಸರ್ಕಾರಿ ನೌಕರನನ್ನು ಮನೆಗೆ ಕಳುಹಿಸುವುದು ಅರುವತ್ತಕ್ಕೆ. ಪ್ರಭವದಿಂದ ಅಕ್ಷಯದವರೆಗಿನ ಅರುವತ್ತು ಸಂವತ್ಸರಗಳು ಒಂದು ಸುತ್ತು ಮುಗಿಸಿ, ಹುಟ್ಟಿದ ಸಂವತ್ಸರವೇ ಮತ್ತೆ ಬರುವುದೂ ಅರುವತ್ತಕ್ಕೆ. ಒಂದೇ ವಯಸ್ಸಿನಲ್ಲಿ ಕಚೇರಿಯು "ನೀನು ಮುಗಿದೆ" ಎನ್ನುತ್ತದೆ, ಮನೆಯು ಷಷ್ಟ್ಯಬ್ದಿ ಶಾಂತಿ ಮಾಡಿಸಿ, ಕಲಶದ ನೀರನ್ನು ನೆತ್ತಿಗೆ ಹೊಯ್ದು, ಮಕ್ಕಳು ಮೊಮ್ಮಕ್ಕಳ ನಡುವೆ ಹಸೆಯ ಮೇಲೆ ಕೂರಿಸಿ, "ನೀನು ಮತ್ತೆ ಮೊದಲಾದೆ" ಎನ್ನುತ್ತದೆ. ಅಲ್ಲಿ ಸ್ನಾನವುಂಟು, ಊಟವುಂಟು, ಬಂಧುಗಳುಂಟು, ಮಂತ್ರದ ನಾದವುಂಟು. ದೇಹ, ಮನಸ್ಸು, ಮನೆ, ದೇವರು ಒಂದನ್ನೂ ಬಿಟ್ಟಿಲ್ಲ. ನೀವು ಈಗ ಸಮಗ್ರ ಚಿಕಿತ್ಸೆಯೆಂದು ಹೊಸದಾಗಿ ಹೆಸರಿಟ್ಟು ಕರೆಯುವುದಕ್ಕೂ ಇದಕ್ಕೂ ಭೇದವೇನು?

ವೈದ್ಯೆ: ಅದಕ್ಕೆ ಆಮೇಲೆ ಉತ್ತರ ಹೇಳುತ್ತೇನೆ. ಈ ವಿಧಿಗಳ ಅಂಗರಚನೆಯನ್ನು ಮೊದಲು ಸ್ಪಷ್ಟವಾಗಿ ಕಂಡವನು ಫ್ರಾನ್ಸಿನ ಆರ್ನಾಲ್ಡ್ ವಾನ್ ಗೆನಪ್ ಎಂಬ ಪಂಡಿತ. ಹುಟ್ಟು, ಪ್ರಾಯ, ಮದುವೆ, ಸಾವು ಇವುಗಳಿಗೆ ಸಂಬಂಧಿಸಿ ನಾನಾ ದೇಶಗಳ ಜನ ಮಾಡುವ ವಿಧಿಗಳನ್ನು ಹೋಲಿಸಿ 1909ರಲ್ಲಿ ಆತ ಪ್ರಕಟಿಸಿದ ಗ್ರಂಥದ ಸಾರ ಇಷ್ಟು: ಮನುಷ್ಯನನ್ನು ಹಳೆಯ ನೆಲೆಯಿಂದ ಬಿಡಿಸುವುದು, ಯಾವ ನೆಲೆಗೂ ಸೇರದ ಒಂದು ನಡುಗಾಲದಲ್ಲಿ ಇರಿಸುವುದು, ಬಳಿಕ ಹೊಸ ನೆಲೆಗೆ ಬರಮಾಡಿಕೊಳ್ಳುವುದು. ಮುಂದೆ ವಿಕ್ಟರ್ ಟರ್ನರ್ ಎಂಬಾತನು ಆಫ್ರಿಕದ ಎನ್‌ಡೆಂಬು ಜನರ ನಡುವೆ ವಾಸಮಾಡಿ, ಆ ನಡುಗಾಲವನ್ನೇ ತನ್ನ ಅಧ್ಯಯನದ ಮುಖ್ಯ ವಿಷಯವಾಗಿ ಮಾಡಿಕೊಂಡನು. ನನ್ನ ಬಳಿಗೆ ಬರುವವರೆಲ್ಲ ಆ ನಡುಗಾಲದವರು, ಮೇಷ್ಟರೇ.

ಮೇಷ್ಟರು: ಉಪನಯನದ ಮಾತೃಭೋಜನ ನನಗೆ ನೆನಪಾಗುತ್ತದೆ. ವಟುವನ್ನು ತಾಯಿಯ ಪಕ್ಕದಲ್ಲಿ ಕೂರಿಸಿ, ಒಂದೇ ಎಲೆಯಲ್ಲಿ ಉಣಿಸಿ, ಆ ಬಳಿಕವೇ ಮುಂದಿನ ವಿಧಿಗೆ ಒಯ್ಯುತ್ತಾರೆ. ಎಷ್ಟೋ ಮನೆಗಳಲ್ಲಿ ತಾಯಂದಿರು ಆ ತುತ್ತನ್ನು ಕೊಡುವಾಗ ಅಳುವುದನ್ನು ಕಂಡಿದ್ದೇನೆ. ಬಿಡಿಸುವುದಾದರೆ ಉಣಿಸಿಯೇ ಬಿಡಿಸಬೇಕೆಂಬ ವಿವೇಕ ಅದು.

ವೈದ್ಯೆ: ನನಗೆ ಅದಕ್ಕಿಂತಲೂ ಪರಿಪೂರ್ಣವಾಗಿ ತೋರುವುದು ಬಾಣಂತನ. ಜಾತಿಯ ಕಟ್ಟಿಲ್ಲದೆ, ಪುರೋಹಿತನ ಹಂಗಿಲ್ಲದೆ, ನಾಡಿನ ಹೆಂಗಸರು ತಾವೇ ಕಟ್ಟಿ ಉಳಿಸಿಕೊಂಡು ಬಂದದ್ದು ಅದು. ಎಣ್ಣೆ ತಿಕ್ಕಿ ಹಂಡೆಯ ಬಿಸಿನೀರನ್ನು ಸೊಂಟಕ್ಕೆ ಎರೆಯುವುದು, ಸಾಂಬ್ರಾಣಿಯ ಹೊಗೆಯಲ್ಲಿ ತಲೆಗೂದಲನ್ನು ಒಣಗಿಸುವುದು, ಹೊಟ್ಟೆಗೆ ಬಟ್ಟೆ ಬಿಗಿಯುವುದು, ಅಂಟಿನುಂಡೆ, ಮೆಣಸು ಬೆಳ್ಳುಳ್ಳಿಯ ಸಾರು. ಕೆಲಸದಿಂದ ಬಿಡುಗಡೆ, ತವರಿನ ಆಶ್ರಯ, ಹೊರಗಿನವರು ಒಳನುಗ್ಗದ ಒಂದು ಕತ್ತಲೆಯ ಕೋಣೆ. ಇದರಲ್ಲಿ ಕೆಲವನ್ನು ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಬಾಣಂತಿಗೆ ನೀರು ಕುಡಿಯಗೊಡದಿರುವುದೂ, ಗಾಳಿಯಾಡದಂತೆ ಕಿಟಕಿ ಮುಚ್ಚಿ ಕೆಂಡದ ಹೊಗೆ ಹಾಕುವುದೂ ಅಪಾಯಕರ. ಆದರೆ ಒಬ್ಬ ಹುಡುಗಿಯು ತಾಯಿಯಾಗಿ ಮಾರ್ಪಡಲು ಕಾಲ ಬೇಕು, ಆ ಕಾಲದಲ್ಲಿ ಆಕೆಯಿಂದ ಏನನ್ನೂ ಕೇಳಬಾರದು, ಆಕೆಯ ಮೈಯನ್ನು ಇನ್ನೊಬ್ಬರು ಮುಟ್ಟಿ ಆರೈಕೆ ಮಾಡಬೇಕು ಎಂಬ ತಿಳಿವಳಿಕೆ ಅದರ ತಳದಲ್ಲಿದೆ. ಬೇರೊಂದು ದೇಶದಲ್ಲಿ, ಗಂಡನೊಬ್ಬನನ್ನುಳಿದು ಯಾರೂ ಹತ್ತಿರವಿಲ್ಲದ ಮನೆಯೊಂದರಲ್ಲಿ, ಆಸ್ಪತ್ರೆಯಿಂದ ಎರಡು ದಿನಕ್ಕೆ ಮರಳಿ, ಮೂರನೆಯ ದಿನ ತಾನೇ ಒಲೆಯ ಮುಂದೆ ನಿಂತ ಕನ್ನಡದ ಹೆಣ್ಣುಮಗಳೊಬ್ಬಳ ಕಣ್ಣೀರನ್ನು ನೋಡಿದಾಗ, ಆಕೆಗೆ ಮಾತ್ರೆಗಿಂತ ಮೊದಲು ಬೇಕಾಗಿದ್ದುದು ಏನೆಂಬುದು ನನಗೆ ಸಂದೇಹವಿಲ್ಲದೆ ತಿಳಿಯಿತು.

ಮೇಷ್ಟರು: ಹಾಗಿದ್ದ ಮೇಲೆ ನನ್ನ ಪ್ರಶ್ನೆ ಗಟ್ಟಿಯಾಗಿಯೇ ನಿಂತಿತು. ಇದ್ದುದನ್ನು ಉಳಿಸಿಕೊಳ್ಳುವುದು ಬಿಟ್ಟು ಹೊಸ ಚಿಕಿತ್ಸೆಯನ್ನು ಏಕೆ ಹುಡುಕಬೇಕು?

ವೈದ್ಯೆ: ಏಕೆಂದರೆ ಅದೇ ಕೈಗಳು ವಿಧವೆಯ ತಲೆಯನ್ನೂ ಬೋಳಿಸಿದವು. ಎಂ. ಕೆ. ಇಂದಿರಾ ಅವರು 1976ರಲ್ಲಿ ಪ್ರಕಟಿಸಿದ ಫಣಿಯಮ್ಮ ಕಾದಂಬರಿಯನ್ನು ತಾವೇ ನಮಗೆ ಓದಲು ಹೇಳಿದ್ದಿರಿ. ಗಂಡನೆಂಬವನನ್ನು ಅರಿಯುವ ಮೊದಲೇ ವಿಧವೆಯಾದ ಆ ಎಳೆಯ ಹುಡುಗಿಗೂ ಒಂದು ವಿಧಿ ನಡೆಯಿತು: ಬಳೆ ಒಡೆದರು, ಮುಂದೆ ಕೂದಲು ತೆಗೆದರು, ಬಣ್ಣದ ಸೀರೆ ಬಿಡಿಸಿದರು, ಬೇರೆ ಊಟ, ಬೇರೆ ಮೂಲೆ ಗೊತ್ತುಮಾಡಿದರು. ವಾನ್ ಗೆನಪ್ ಹೇಳುವ ಬಿಡಿಸುವಿಕೆ ಅಲ್ಲಿ ಸಾಂಗವಾಗಿ ನಡೆಯಿತು. ಬರಮಾಡಿಕೊಳ್ಳುವುದು ಮಾತ್ರ ಎಂದೂ ನಡೆಯಲಿಲ್ಲ. ನಡುಗಾಲವನ್ನೇ ಆಕೆಗೆ ಜೀವಾವಧಿಯಾಗಿ ವಿಧಿಸಿದರು. ಹಳೆಯ ವಿಧಿಗಳಿಗೆ ಮನುಷ್ಯನ ಮೈ, ಹಸಿವು, ಬಳಗ ಎಲ್ಲವೂ ಕಾಣುತ್ತಿದ್ದವು. ಅವನ ಸಮ್ಮತಿಯೊಂದು ಕಾಣುತ್ತಿರಲಿಲ್ಲ. ತಾವು ಕೇಳಿದ ಭೇದ ಇರುವುದು ಇಲ್ಲಿ.

ಮೇಷ್ಟರು: ಆದರೂ ಫಣಿಯಮ್ಮನು ಆ ಮೂಲೆಯಲ್ಲಿಯೇ ಉಳಿಯಲಿಲ್ಲ. ಮಡಿಯನ್ನು ಬಿಟ್ಟು ಕಷ್ಟದ ಹೆರಿಗೆಗೆ ಕೈಯೊಡ್ಡಿದಳು. ಕೂದಲು ತೆಗೆಸಿಕೊಳ್ಳಲೊಲ್ಲೆನೆಂದ ಕಿರಿಯ ವಿಧವೆಯ ಪಕ್ಷ ವಹಿಸಿದಳು. ಲೋಕ ಕೊಡದ ಹೊಸ ನೆಲೆಯನ್ನು ತಾನೇ ಪರೋಪಕಾರದಿಂದ ಗಳಿಸಿಕೊಂಡಳು.

ವೈದ್ಯೆ: ಗಳಿಸಿಕೊಂಡಳು, ಆಕೆ ಅಸಾಮಾನ್ಯಳು. ಚಿಕಿತ್ಸೆಯೆಂಬುದು ಸಾಮಾನ್ಯರಿಗಾಗಿ ಇರತಕ್ಕದ್ದು.

ಮೇಷ್ಟರು: ಒಪ್ಪಿದೆ. ಇನ್ನು ನಿನ್ನ ಕೊಠಡಿಯೊಳಗಿನ ಮಾತಿಗೆ ಬರೋಣ. ಸಮಗ್ರವೆಂಬ ಫಲಕವನ್ನು ತೂಗುಹಾಕಿಕೊಂಡು, ಬಣ್ಣದ ಕಲ್ಲುಗಳನ್ನು ಹಣೆಯ ಮೇಲಿಟ್ಟು ಹಣ ಕೀಳುವವರನ್ನೂ ಪೇಟೆಯಲ್ಲಿ ಕಾಣುತ್ತೇನೆ. ಅವರಿಗೂ ನಿನಗೂ ವ್ಯತ್ಯಾಸವನ್ನು ನನ್ನಂಥ ಪಾಮರನು ಗುರುತಿಸುವುದು ಹೇಗೆ?

ವೈದ್ಯೆ: ಮೊದಲ ಭೇಟಿಯಲ್ಲಿ ಕೇಳುವ ಪ್ರಶ್ನೆಗಳಿಂದ ಗುರುತಿಸಬಹುದು. ನಾನು ಮೊದಲು ಕೇಳುವುದು ನಿದ್ರೆ, ಹಸಿವು, ತೂಕ. ಬಳಿಕ ರಕ್ತಪರೀಕ್ಷೆಗೆ ಬರೆದುಕೊಡುತ್ತೇನೆ, ಏಕೆಂದರೆ ಥೈರಾಯ್ಡ್ ಗ್ರಂಥಿಯ ಮಾಂದ್ಯವೂ ರಕ್ತಹೀನತೆಯೂ ಬಿ12 ಜೀವಸತ್ವದ ಕೊರತೆಯೂ ವಿಷಾದದ ವೇಷದಲ್ಲಿ ಬರುವುದುಂಟು. ಬದುಕು ಸಾಕೆನಿಸಿದೆಯೇ ಎಂದು ಮರೆಮಾಚದೆ ಕೇಳುತ್ತೇನೆ; ಕೇಳಿದರೆ ಆ ಯೋಚನೆ ಹುಟ್ಟೀತೆಂಬುದು ಮಿಥ್ಯಾಭಯ. ಅನ್ನ ನೀರು ಬಿಟ್ಟವರನ್ನು, ಸಾವಿನ ಮಾತನಾಡುವವರನ್ನು, ಇಲ್ಲದ ದನಿಗಳನ್ನು ಕೇಳುವವರನ್ನು ಪ್ರಾಣಾಯಾಮ ಮಾಡಿರೆಂದು ಮನೆಗೆ ಕಳುಹಿಸುವುದು ಘೋರ ಅಪರಾಧ; ಅವರಿಗೆ ಔಷಧವೇ ಮೊದಲು. ಯಾವನು ತನ್ನ ವಿದ್ಯೆಯೊಂದೇ ಸಾಕು, ನೀವು ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನು ಬಿಡಿ ಎನ್ನುತ್ತಾನೋ ಅವನು ಸಮಗ್ರನಲ್ಲ, ಏಕಾಂಗಿ. ಅವನ ಬಾಗಿಲನ್ನು ತುಳಿಯಬಾರದು.

ಮೇಷ್ಟರು: ಇಷ್ಟೆಲ್ಲವನ್ನೂ ಒಬ್ಬರೇ ನೋಡಬೇಕೆಂಬುದನ್ನು ನಿಮ್ಮ ಶಾಸ್ತ್ರ ಒಪ್ಪುತ್ತದೆಯೇ?

ವೈದ್ಯೆ: ಒಬ್ಬರೇ ಮಾಡಬೇಕೆಂದಿಲ್ಲ, ಎಲ್ಲವೂ ಒಬ್ಬರ ಕಣ್ಣಳತೆಯಲ್ಲಿ ಇರಬೇಕು. ಜಾರ್ಜ್ ಎಂಗೆಲ್ ಎಂಬ ಅಮೆರಿಕದ ವೈದ್ಯರು 1977ರಲ್ಲಿ, ದೇಹ, ಮನಸ್ಸು, ಸಮಾಜ ಮೂರನ್ನೂ ಕೂಡಿಸಿ ನೋಡದ ವೈದ್ಯ ಕುರುಡೆಂದು ಬಲವಾಗಿ ವಾದಿಸಿದರು. ಚರಕಸಂಹಿತೆಯೂ ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ ಎಂದು ಮೂರು ಬಗೆಯ ಚಿಕಿತ್ಸೆಯನ್ನು ಹೇಳುತ್ತದೆ. ಮನಸ್ಸನ್ನು ಅಹಿತವಾದ ವಿಷಯಗಳಿಂದ ಹಿಂದಕ್ಕೆ ತರುವುದು ಮೂರನೆಯದು. ಅಮೃತಸರದ ಮನೋರೋಗಿಗಳ ಆಸ್ಪತ್ರೆಯಲ್ಲಿ ವಿದ್ಯಾಸಾಗರ್ ಎಂಬ ವೈದ್ಯರು 1950ರ ದಶಕದಲ್ಲಿ ಆವರಣದೊಳಗೆ ಡೇರೆಗಳನ್ನು ಹಾಕಿಸಿ, ರೋಗಿಯ ಜೊತೆಗೆ ಮನೆಯವರನ್ನೂ ಇರಿಸಿಕೊಂಡು, ಆರೈಕೆಯಲ್ಲಿ ಅವರನ್ನೂ ಪಾಲುಗಾರರನ್ನಾಗಿ ಮಾಡಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಕುಟುಂಬವನ್ನೇ ಕೂರಿಸಿ ಚಿಕಿತ್ಸೆ ಮಾಡುವ ಕೇಂದ್ರವುಂಟು. ಯೋಗಾಭ್ಯಾಸವೂ ಅದೇ ಆವರಣದಲ್ಲಿ ನಡೆಯುತ್ತದೆ. ನನ್ನದು ಸಣ್ಣ ಕೊಠಡಿ; ಅಲ್ಲಿ ಆಗುವುದಿಷ್ಟು: ಉಸಿರನ್ನೂ ನಡಿಗೆಯನ್ನೂ ಒಂದು ಹದಕ್ಕೆ ತರುವುದು, ಊಟ ನಿದ್ರೆಗಳ ಹೊತ್ತನ್ನು ಗೊತ್ತುಮಾಡುವುದು, ಒಮ್ಮೆಯಾದರೂ ಮನೆಯವರನ್ನು ಕರೆಸಿ ಮಾತನಾಡಿಸುವುದು, ಬರೆಯಬಲ್ಲವರಿಂದ ಬರೆಯಿಸುವುದು. ಅಮೆರಿಕದಲ್ಲಿ ಪೆನ್ನಿಬೇಕರ್ ಎಂಬ ಮನಶ್ಶಾಸ್ತ್ರಜ್ಞರು 1986ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ತಮ್ಮ ಬದುಕಿನ ಆಘಾತವನ್ನೂ ಅದರಿಂದಾದ ಭಾವನೆಗಳನ್ನೂ ದಿನಕ್ಕೆ ಕಾಲು ಗಂಟೆಯಂತೆ ನಾಲ್ಕು ದಿನ ಬರೆದ ವಿದ್ಯಾರ್ಥಿಗಳು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಹೋದದ್ದು ಕಡಿಮೆಯಾಗಿತ್ತು. ಬರೆದ ದಿನ ಮಾತ್ರ ಅವರ ಮನಸ್ಸು ಇನ್ನಷ್ಟು ಭಾರವಾಗಿತ್ತು. ಅದನ್ನು ಮೊದಲೇ ಹೇಳಿಯೇ ಬರೆಯಿಸಬೇಕು.

ಮೇಷ್ಟರು: ಎಷ್ಟು ಕಾಲ? ಬೇಗ ಮೇಲೇಳಿ, ಹಳೆಯದನ್ನು ಮರೆಯಿರಿ, ಹೊಸದೇನಾದರೂ ಹಿಡಿಯಿರಿ ಎಂದು ಕಂಡಕಂಡವರೆಲ್ಲ ನನಗೆ ಉಪದೇಶ ಮಾಡುತ್ತಿದ್ದರು. ಅವರ ಮಾತಿನಲ್ಲಿ ಪ್ರೀತಿಯಿತ್ತು; ಆದರೂ ನನಗೆ ಅದು ಹಿಂಸೆಯಾಗುತ್ತಿತ್ತು.

ವೈದ್ಯೆ: ನನ್ನ ವೃತ್ತಿಯಲ್ಲಿ ನಾನು ಅತ್ಯಂತ ದೃಢವಾಗಿ ನಂಬಿರುವ ಮಾತನ್ನು ತಾವೇ ಎತ್ತಿದಿರಿ. ನಡುಗಾಲವನ್ನು ಕಾಯುವುದೇ ಚಿಕಿತ್ಸೆಯ ಬಹುಭಾಗ. ಅದರಿಂದ ಯಾರನ್ನೂ ದೂಡಿ ಹೊರಹಾಕಬಾರದು, ಅದರಲ್ಲಿ ಯಾರನ್ನೂ ಒಬ್ಬರನ್ನೇ ಬಿಡಲೂಬಾರದು. ಶೋಕವು ಎಷ್ಟು ಕಾಲವಿದ್ದರೆ ಸಹಜ, ಎಲ್ಲಿಂದ ಮುಂದೆ ವ್ಯಾಧಿ ಎಂಬುದರ ಮೇಲೆ ನಮ್ಮವರಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯು 2022ರ ಪರಿಷ್ಕರಣದಲ್ಲಿ, ವಯಸ್ಕರ ವಿಷಯದಲ್ಲಿ, ಮರಣವಾಗಿ ಹನ್ನೆರಡು ತಿಂಗಳಾದರೂ ಇಳಿಯದ, ನಿತ್ಯವ್ಯವಹಾರವನ್ನು ಕೆಡಿಸುವ ತೀವ್ರಶೋಕವನ್ನು ಮಾತ್ರ ವ್ಯಾಧಿಯೆಂದು ಗಣಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಆ ಅವಧಿ ಆರು ತಿಂಗಳು.

ಮೇಷ್ಟರು: ಹನ್ನೆರಡು ತಿಂಗಳೇ! ಮೊದಲ ವರ್ಷ ಹಬ್ಬವಿಲ್ಲ, ತಿಂಗಳು ತಿಂಗಳು ಮಾಸಿಕವುಂಟು, ವರ್ಷಾಬ್ದಿಕ ಮುಗಿದ ಮೇಲೆ ಬಂಧುಗಳೇ ಬಂದು ಮನೆಯವರಿಗೆ ಮತ್ತೆ ಸಿಹಿ ಉಣಿಸುತ್ತಾರೆ. ಅಳುವುದಕ್ಕೂ ತಿಂಗಳಿಗೊಂದು ತಿಥಿಯನ್ನು ಗೊತ್ತುಮಾಡಿಕೊಟ್ಟಿದ್ದರು. ನಡುವಣ ದಿನಗಳಲ್ಲಿ ಕೆಲಸಕ್ಕೆ ಹೋಗಲು ಅದರಿಂದ ನನಗೆ ಧೈರ್ಯ ಬರುತ್ತಿತ್ತು. ನಿವೃತ್ತಿಗೆ ಇಂಥ ಮಾಸಿಕಗಳಿಲ್ಲ, ನೋಡು.

ವೈದ್ಯೆ: ಇಲ್ಲ, ವಿಚ್ಛೇದನಕ್ಕಿಲ್ಲ, ಗರ್ಭಪಾತಕ್ಕಿಲ್ಲ, ವಲಸೆಗಿಲ್ಲ. ವಿಧಿಗಳೇ ಇಲ್ಲದ ಅವಸ್ಥಾಂತರಗಳು ನಮ್ಮ ಕಾಲದಲ್ಲಿ ಹೆಚ್ಚಾದವು. ಅವುಗಳಲ್ಲಿ ಸಿಲುಕಿದವರಿಗೋಸ್ಕರವೇ ನನ್ನ ಕೊಠಡಿ. ವಿಧಿಯಿಲ್ಲದೆಯೂ ಹೊಸ ನೆಲೆಯನ್ನು ತಾವೇ ಕಟ್ಟಿಕೊಂಡವರೂ ಉಂಟು. ಎರಿಕ್ ಎರಿಕ್ಸನ್ ಎಂಬ ಮನೋವಿಶ್ಲೇಷಕರು ಮನಶ್ಶಾಸ್ತ್ರಕ್ಕೆ ಅಸ್ಮಿತೆಯ ಬಿಕ್ಕಟ್ಟೆಂಬ ಕಲ್ಪನೆಯನ್ನು ಕೊಟ್ಟವರು. 1902ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಅವರಿಗೆ ಹೆತ್ತ ತಂದೆ ಯಾರೆಂಬುದು ಕಡೆಯವರೆಗೂ ತಿಳಿಯಲಿಲ್ಲ. ಮಲತಂದೆಯ ಹೆಸರಿನಲ್ಲಿ ಬೆಳೆದು, ಅಮೆರಿಕದ ಪ್ರಜೆಯಾದಾಗ ಎರಿಕ್ಸನ್ ಎಂಬ ಹೆಸರನ್ನು ತಾವೇ ಆರಿಸಿಕೊಂಡರು. ಮನುಷ್ಯನು ಬಾಲ್ಯದಿಂದ ವಾರ್ಧಕ್ಯದವರೆಗೆ ಎಂಟು ಘಟ್ಟಗಳಲ್ಲಿ ತನ್ನನ್ನು ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಾನೆಂದು 1950ರಲ್ಲಿ ಬರೆದರು.

ಮೇಷ್ಟರು: ಹೆಸರನ್ನು ತಾನೇ ಆರಿಸಿಕೊಳ್ಳುವುದು ಎಲ್ಲರಿಗೂ ಲಭ್ಯವೇ? ಹುಟ್ಟಿದಾಗ ಗಂಡೆಂದು ಕರೆಸಿಕೊಂಡವರು ತಾವು ಹೆಣ್ಣೆಂದು ಹೇಳಿದರೆ, ನಮ್ಮ ಹಳ್ಳಿಗಳಲ್ಲಿ ಅವರ ಪಾಡೇನೆಂಬುದನ್ನು ನಾನು ಕಂಡಿದ್ದೇನೆ.

ವೈದ್ಯೆ: ಮಂಜಮ್ಮ ಜೋಗತಿಯವರ ಬದುಕು ಅದಕ್ಕೆ ಉತ್ತರ. ಬಳ್ಳಾರಿ ಸೀಮೆಯ ಆಕೆ ಗಂಡುಮಗುವೆಂದು ಬೆಳೆದು, ಮನೆಯ ಆಸರೆ ತಪ್ಪಿ, ಭಿಕ್ಷೆ ಬೇಡಿ, ಸಾಯಲೂ ಯತ್ನಿಸಿದವರು. ಆಕೆಯನ್ನು ಉಳಿಸಿದುದು ಯಾವ ಕೊಠಡಿಯ ಯಾವ ಸಂಭಾಷಣೆಯೂ ಅಲ್ಲ: ಜೋಗತಿ ನೃತ್ಯ, ಅದನ್ನು ಕಲಿಸಿದ ಕಾಳವ್ವ ಜೋಗತಿ, ಜೊತೆಗೆ ಕುಣಿದವರ ಬಳಗ, ಅದರಿಂದ ದೊರೆತ ಅನ್ನ. ಮೈಗೆ ಒಂದು ಲಯ, ತಲೆಯ ಮೇಲೆ ಒಬ್ಬ ಗುರುವಿನ ಕೈ, ಊರಿಗೆ ಬೇಕಾದ ಒಂದು ಕಲೆ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂದಿತು. ತಾನು ಗಂಡೋ ಹೆಣ್ಣೋ ಇನ್ನೊಂದೋ ಎಂಬುದನ್ನು ವ್ಯಕ್ತಿಯೇ ಹೇಳತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಪಿತ್ತಿತು. ಆದರೆ ನ್ಯಾಯಾಲಯವು ಹಕ್ಕನ್ನು ಕೊಟ್ಟೀತು, ಬಳಗವನ್ನು ಕೊಡಲಾರದು. ಇಂಥವರು ನನ್ನಲ್ಲಿಗೆ ಬಂದಾಗ ಅವರನ್ನು ಬದಲಾಯಿಸುವ ಯತ್ನ ಮಾಡುವವನು ವೈದ್ಯನೇ ಅಲ್ಲವೆಂದು ತಿಳಿದಿದ್ದೇನೆ. ಅವರಿಗಾಗಿ ನಾನು ಮೊದಲು ಹುಡುಕುವುದು ಇಂಥ ಒಂದು ಬಳಗವನ್ನು.

ಮೇಷ್ಟರು: ನೀನು ಹುಡುಕುತ್ತೀಯೆ, ಸಂತೋಷ. ಆದರೆ ನಿನ್ನ ಕೊಠಡಿಯವರೆಗೆ ಬರುವ ಬಸ್ಸಿನ ಹಣವೂ ಇಲ್ಲದವರು, ಬಂದರೆ ಹುಚ್ಚೆಂಬ ಹೆಸರು ಬಂದೀತೆಂದು ಅಂಜುವವರು, ಅವರೇ ಅಧಿಕ ಸಂಖ್ಯಾತರು.

ವೈದ್ಯೆ: ಆ ಮಾತಿಗೆ ಬಳ್ಳಾರಿ ಜಿಲ್ಲೆಯೇ ಒಂದು ದಾರಿ ತೋರಿಸಿತು. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗಗಳ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ಒಯ್ದರು; ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮೊದಲಾಯಿತು. ಆದರೆ ಅದು ವ್ಯಾಧಿಗ್ರಸ್ತರಿಗಾಗಿ. ವ್ಯಾಧಿಗೆ ಮೊದಲಿನ ಆ ನಡುಗಾಲದವರ ಮನೆಗೆ ಹೋಗುವವರು ಯಾರು? ಈಗ ಹೆರಿಗೆಯಾದ ಮನೆಗೆ ನಲವತ್ತೆರಡು ದಿನಗಳೊಳಗೆ ಆಶಾ ಕಾರ್ಯಕರ್ತೆಯು ಹಲವು ಸಲ ಹೋಗಿ, ಮಗುವಿನ ತೂಕ ನೋಡಿ, ಜ್ವರ ನೋಡಿ ಬರೆದುಕೊಳ್ಳುತ್ತಾಳೆ. ತಾಯಿಯ ಮನಸ್ಸನ್ನು ಕೇಳುವುದಕ್ಕೂ ಎಡಿನ್‌ಬರೋದಲ್ಲಿ ಕಾಕ್ಸ್ ಎಂಬವರೂ ಅವರ ಸಂಗಡಿಗರೂ 1987ರಲ್ಲಿ ಸಿದ್ಧಪಡಿಸಿದ ಹತ್ತು ಸರಳ ಪ್ರಶ್ನೆಗಳುಂಟು. ಆ ಹತ್ತನ್ನೂ ಆಕೆ ಕೇಳುವಂತಾದರೆ ಎಷ್ಟೋ ಮನೆಗಳಲ್ಲಿ ಅನಾಹುತ ತಪ್ಪುತ್ತದೆ.

ಮೇಷ್ಟರು: ಅತ್ತೆಯೋ ತಾಯಿಯೋ ಪಕ್ಕದಲ್ಲಿ ಕುಳಿತಿರುವಾಗ ಯಾವ ಬಾಣಂತಿ ನಿಜವನ್ನು ಹೇಳುತ್ತಾಳೆ? ಎಲ್ಲ ಚೆನ್ನಾಗಿದೆಯೆಂದು ಹತ್ತಕ್ಕೂ ತಲೆಯಾಡಿಸುತ್ತಾಳೆ. ನಮ್ಮ ಕೇರಿಯಲ್ಲಿ ಬಾಣಂತಿಯರಿಗೆ ನೀರು ಹಾಕುತ್ತಿದ್ದ ಮುದುಕಿಯೊಬ್ಬಳಿದ್ದಳು. ಬಚ್ಚಲಿನ ಬಾಗಿಲು ಮುಚ್ಚಿ, ಬೆನ್ನಿಗೆ ಎಣ್ಣೆ ತಿಕ್ಕುತ್ತ ಆಕೆ ಏನು ಕೇಳುತ್ತಿದ್ದಳೋ, ಒಳಗೆ ಅಳುವ ಸದ್ದು ನಡುಮನೆಗೂ ಕೇಳಿಸುತ್ತಿತ್ತು. ಹೊರಗೆ ಬಂದ ಹುಡುಗಿ ಮಾತ್ರ ಹೊಟ್ಟೆತುಂಬ ಉಂಡು ಮಲಗುತ್ತಿದ್ದಳು.

ವೈದ್ಯೆ: ಅಂಥವರು ಈಗಲೂ ಇದ್ದಾರೆ, ಮೇಷ್ಟರೇ, ಪಟ್ಟಣಗಳಲ್ಲಿ ದಿನಕ್ಕಿಷ್ಟೆಂದು ಕೂಲಿ ಪಡೆದು ಮನೆಯಿಂದ ಮನೆಗೆ ಹೋಗುತ್ತಾರೆ. ಅವರಿಗೆ ಹತ್ತು ಪ್ರಶ್ನೆಗಳನ್ನು ಕಲಿಸಬೇಕಾಗಿಲ್ಲ. ಯಾವ ಹುಡುಗಿ ಅಳುವುದನ್ನೂ ಬಿಟ್ಟಳು, ಯಾವ ಹುಡುಗಿ ಮಗುವನ್ನು ಕೈಗೆ ತೆಗೆದುಕೊಳ್ಳಲೊಲ್ಲಳು ಎಂಬುದು ಅವರಿಗೆ ನಮಗಿಂತ ಮೊದಲೇ ತಿಳಿದಿರುತ್ತದೆ. ಹಾಗಾದಾಗ ಯಾರಿಗೆ ಹೇಳಬೇಕು, ಯಾವ ಆಸ್ಪತ್ರೆಗೆ ಕಳುಹಿಸಬೇಕು ಎಂಬಷ್ಟನ್ನು ತಿಳಿಸಿಕೊಟ್ಟರೆ ಸಾಕು. ತಮಗೆ ಗೊತ್ತಿರುವ ಮನೆಗಳಲ್ಲಿ ವಿಚಾರಿಸಿ, ಅಂಥ ನಾಲ್ಕೈದು ಮಂದಿಯ ಹೆಸರನ್ನು ಬರೆದುಕೊಡಿ. ನಾನೇ ಅವರ ಬಳಿಗೆ ಹೋಗುತ್ತೇನೆ.

ಮೇಷ್ಟರು: ಬರೆದುಕೊಡುತ್ತೇನೆ. ಎರಡು ಬೀದಿ ಆಚೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಹೋದ ವಾರ ಹೆರಿಗೆಯಾಗಿದೆ. ಮೊದಲು ಅಲ್ಲಿ ಕೇಳಿಕೊಂಡು ಬರುತ್ತೇನೆ.